ಮೂವತ್ತಾರು ತಿಂಗಳ ಕೂಪೆ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ನಡುವೆ ಜರ್ಮನ್ ಕಾರಿನ ಮಾತು ಬಂತೆಂದರೆ ತೀರ್ಪು ಆಗಲೇ ಸಿದ್ಧವಾಗಿರುತ್ತದೆ. ಬಿಎಂಡಬ್ಲ್ಯೂ ಇರಲಿ, ಮರ್ಸಿಡಿಸ್ ಇರಲಿ, ಆಡಿ ಇರಲಿ, ಕೊಳ್ಳಬೇಡ, ಲೀಸಿಗೆ ತಗೊ. ಸನ್ನಿವೇಲ್‌ನಲ್ಲಿ ಯುಗಾದಿ ಊಟಕ್ಕೆ ಸೇರಿದವರೂ ಪ್ಲೇನೋದಲ್ಲಿ ಗಣೇಶನನ್ನು ಕೂರಿಸಿದವರೂ ಇದನ್ನೇ ಹೇಳುತ್ತಾರೆ. ಹೊಸದಾಗಿ ಬಂದ ಹುಡುಗನಿಗೆ ಕ್ರೆಡಿಟ್ ಸ್ಕೋರು ಎಂದರೇನು, ತೆರಿಗೆ ಹೇಗೆ ಕಟ್ಟಬೇಕು ಎಂದು ಹೇಳಿಕೊಟ್ಟ ಮೇಲೆ ಹಿರಿಯರು ಕಲಿಸುವ ಮುಂದಿನ ಪಾಠ ಇದು. ಕೊಡುವ ಕಾರಣಗಳು ಮೂರು. ಇಂಥ ಕಾರುಗಳ ಬೆಲೆ ಬೇಗ ಇಳಿಯುತ್ತದೆ, ಆ ನಷ್ಟವನ್ನು ಕಂಪನಿಯೇ ಹೊರಲಿ. ವಾರಂಟಿ ಮುಗಿದ ಮರುದಿನವೇ ರಿಪೇರಿ ಶುರುವಾಗುತ್ತದೆ, ಅಷ್ಟರೊಳಗೆ ಕಾರನ್ನು ಹಿಂತಿರುಗಿಸಿಬಿಡು. ವೀಸಾದ ಮೇಲೆ ಬಂದವನ ಬದುಕಿಗೆ ನಾಳೆಯ ಭರವಸೆಯಿಲ್ಲ, ಹತ್ತು ವರ್ಷದ ಕಾರನ್ನು ಕೊರಳಿಗೆ ಕಟ್ಟಿಕೊಳ್ಳಬೇಡ.

ಮೂರೂ ಮಾತು ಕೇಳುವುದಕ್ಕೆ ವಿವೇಕದಂತಿವೆ. ಆದರೆ ಎರಡು ಬಾಗಿಲಿನ, ಚೆಲುವಿಗಾಗಿಯೇ ಮನೆಗೆ ತರುವ ಕೂಪೆಯ ವಿಷಯದಲ್ಲಿ ಮೂರೂ ತಪ್ಪು. ಲೀಸ್ ಎಲ್ಲ ಕಾರಿಗೂ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕೂಪೆಗೆ ಅದು ಒಗ್ಗುವುದಿಲ್ಲ ಎನ್ನುತ್ತೇನೆ. ಅದಕ್ಕೆ ದುಡ್ಡಿನ ಲೆಕ್ಕವೂ ಕಾರಣ, ಆ ಕಾರಿನ ಸ್ವಭಾವವೂ ಕಾರಣ.

ಬೆಲೆ ಇಳಿಕೆಯಿಂದಲೇ ಶುರುಮಾಡೋಣ. ಲೀಸ್ ತಗೊಂಡರೆ ಇಳಿಕೆಯ ಹೊರೆ ಕಂಪನಿಗೆ ಹೋಗುತ್ತದೆ ಎನ್ನುವವರು ಲೀಸಿನ ಕಂತು ಹೇಗೆ ಹುಟ್ಟುತ್ತದೆ ಎಂದು ಒಮ್ಮೆ ನೋಡಬೇಕು. 36 ತಿಂಗಳ ಕೊನೆಗೆ ಕಾರಿಗೆ ಎಷ್ಟು ಬೆಲೆ ಉಳಿದಿರುತ್ತದೆ ಎಂದು ಕಂಪನಿಯ ಹಣಕಾಸು ಶಾಖೆ ಮೊದಲೇ ಗೊತ್ತುಮಾಡಿಡುತ್ತದೆ. ಇದಕ್ಕೆ ರೆಸಿಡ್ಯುಯಲ್ ಎನ್ನುತ್ತಾರೆ. ಕಾರಿನ ಬೆಲೆಯಿಂದ ಈ ಮೊತ್ತವನ್ನು ಕಳೆದು, ಉಳಿದದ್ದನ್ನು 36ರಿಂದ ಭಾಗಿಸಿದರೆ ಕಂತಿನ ದೊಡ್ಡ ಪಾಲು ಸಿಕ್ಕಿತು. ಅದರ ಮೇಲೆ ಬಡ್ಡಿ. ಹಾಗಾದರೆ ಲೀಸಿನ ಕಂತೆಂದರೆ ಬೆಲೆ ಇಳಿಕೆಯೇ, ತಿಂಗಳಿಗಿಷ್ಟು ಎಂದು ಹಂಚಿದ್ದು. ಯಾವ ನಷ್ಟದಿಂದ ತಪ್ಪಿಸಿಕೊಂಡೆವು ಎಂದುಕೊಂಡಿದ್ದೇವೋ ಅದನ್ನೇ ಪ್ರತಿ ತಿಂಗಳೂ ಕಟ್ಟುತ್ತಿರುತ್ತೇವೆ. ಕಾರಿನ ಬೆಲೆ ಎಲ್ಲಕ್ಕಿಂತ ಕಡಿದಾಗಿ ಇಳಿಯುವುದು ಮೊದಲ ಮೂರು ವರ್ಷ. ಲೀಸಿನವರು ಕಟ್ಟುವುದು ಆ ಮೂರು ವರ್ಷವನ್ನೇ. ಅದು ಮುಗಿದೊಡನೆ ಇನ್ನೊಂದು ಹೊಸ ಕಾರಿನ ಮೊದಲ ಮೂರು ವರ್ಷ, ಆಮೇಲೆ ಮತ್ತೊಂದರದು.

ಒಂದು ಉದಾಹರಣೆ ಹಿಡಿಯೋಣ. ಕೂಪೆಯ ಬೆಲೆ 65,000 ಡಾಲರ್ ಎನ್ನಿ. ಆರು ಸಿಲಿಂಡರಿನ ಬಿಎಂಡಬ್ಲ್ಯೂ ಎಂ440ಐ ಈ ಆಸುಪಾಸಿನಲ್ಲಿ ಬರುತ್ತದೆ. ಮೂರು ವರ್ಷಕ್ಕೆ ರೆಸಿಡ್ಯುಯಲ್ ಶೇ 55, ಅಂದರೆ 35,750. ಇಳಿಕೆ 29,250, ತಿಂಗಳಿಗೆ 812. ಬಡ್ಡಿ ವರ್ಷಕ್ಕೆ ಶೇ 6ರಂತೆ ಹಿಡಿದರೆ ಲೀಸಿನ ಸೂತ್ರದಲ್ಲಿ ತಿಂಗಳಿಗೆ ಇನ್ನೂ 252. ತೆರಿಗೆ ಬಿಟ್ಟೇ ಕಂತು 1,064 ಡಾಲರ್ ಆಯಿತು. ಶುರುವಿನಲ್ಲಿ ಲೀಸ್ ಮಾಡಿಕೊಟ್ಟದ್ದಕ್ಕೆ ಒಂದು ಶುಲ್ಕ, ಕೊನೆಗೆ ಕಾರನ್ನು ವಾಪಸು ತಗೊಂಡದ್ದಕ್ಕೆ ಇನ್ನೊಂದು ಶುಲ್ಕ, ಎರಡೂ ಸೇರಿ ಸುಮಾರು 1,400 ಎನ್ನೋಣ. ಮೂರು ವರ್ಷಕ್ಕೆ ಹೆಚ್ಚುಕಡಿಮೆ 39,700, ವರ್ಷಕ್ಕೆ 13,200. ಇಲ್ಲಿ ಬಡ್ಡಿ ಬೀಳುವುದು ನೀವು ಸವೆಸುವ 29,250ರ ಮೇಲೆ ಮಾತ್ರವಲ್ಲ, ಕೊನೆಗೆ ಕಂಪನಿಗೇ ಮರಳುವ 35,750ರ ಮೇಲೂ ಮೂರು ವರ್ಷ ಪೂರ್ತಿ ಬೀಳುತ್ತದೆ ಎಂಬುದನ್ನು ಗಮನಿಸಿ. ಈ ಬಡ್ಡಿಯೊಂದೇ 9,000 ಡಾಲರ್ ದಾಟುತ್ತದೆ.

ಈಗ ಅದೇ ಕಾರನ್ನು, ಬೇರೊಬ್ಬರು ಮೂರು ವರ್ಷ ಲೀಸಿನಲ್ಲಿ ಓಡಿಸಿ ಹಿಂತಿರುಗಿಸಿದ ಮೇಲೆ, ಡೀಲರನ ಲಾಭವೂ ಸೇರಿ 38,000ಕ್ಕೆ ಕೊಂಡಿರಿ ಎನ್ನಿ. ಶೇ 7ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ಬಡ್ಡಿ ಸುಮಾರು 7,100. ಏಳು ವರ್ಷ ಇಟ್ಟುಕೊಂಡು 10,000ಕ್ಕೆ ಮಾರಿದಿರಿ. ವಾರಂಟಿ ಇಲ್ಲದ ಐದು ವರ್ಷಕ್ಕೆ ವರ್ಷಕ್ಕೆ 2,000ದಂತೆ ರಿಪೇರಿಗೆ ತೆಗೆದಿಡಿ. ಎಲ್ಲ ಕೂಡಿದರೂ ವರ್ಷಕ್ಕೆ 6,500 ಮೀರುವುದಿಲ್ಲ. ಹೊಸದನ್ನೇ ಸಾಲ ಮಾಡಿ ಕೊಂಡು ಹತ್ತು ವರ್ಷ ಇಟ್ಟುಕೊಂಡರೆ ಇದೇ ಬಗೆಯ ಲೆಕ್ಕದಲ್ಲಿ ವರ್ಷಕ್ಕೆ 7,800 ಆಸುಪಾಸು. ಅಂಕಿಗಳನ್ನು ನಿಮ್ಮ ಊರಿನ ಬಡ್ಡಿಗೆ, ನಿಮಗೆ ಸಿಕ್ಕ ಬೆಲೆಗೆ ತಕ್ಕಂತೆ ಬದಲಾಯಿಸಿ ನೋಡಿ. ಅಂತರ ಕೊಂಚ ಕುಗ್ಗಬಹುದು, ಹಿಗ್ಗಬಹುದು. ತಲೆಕೆಳಗಾಗುವುದು ಬಲು ಅಪರೂಪ.

ಹೀಗಿದ್ದರೂ ಬುದ್ಧಿವಂತರ ಬಾಯಲ್ಲಿ ಲೀಸಿನ ಮಾತು ಬೇರೂರಿದ್ದು ಹೇಗೆ? ಒಂದು ಕಾರಣ ತೆರಿಗೆ. ರೇಗನ್ ಅಧ್ಯಕ್ಷರಾಗಿದ್ದಾಗ ಬಂದ 1986ರ ತೆರಿಗೆ ಸುಧಾರಣೆಯವರೆಗೆ ಕಾರಿನ ಸಾಲದ ಬಡ್ಡಿಯನ್ನು ಆದಾಯದಿಂದ ಕಳೆದು ತೋರಿಸಬಹುದಿತ್ತು. ಆ ಕಾಯಿದೆ ಮನೆಸಾಲದ ಬಡ್ಡಿಗೆ ರಿಯಾಯಿತಿ ಉಳಿಸಿ, ಕಾರು ಸಾಲದಂಥವುಗಳ ಬಡ್ಡಿಗೆ ಇದ್ದ ರಿಯಾಯಿತಿಯನ್ನು ಹಂತಹಂತವಾಗಿ ಕಿತ್ತುಹಾಕಿತು. ಕೊಳ್ಳುವುದಕ್ಕಿದ್ದ ಒಂದು ಅನುಕೂಲ ಹೋಯಿತು, ಕಂಪನಿಗಳು ಲೀಸನ್ನು ಮುಂದೆ ತಂದವು. ಸ್ವಂತ ವ್ಯವಹಾರದವರು, ಕ್ಲಿನಿಕ್ ನಡೆಸುವ ವೈದ್ಯರು, ವಕೀಲರು ಲೀಸಿನ ಕಂತಿನಲ್ಲಿ ಕೆಲಸಕ್ಕೆ ಸಂಬಂಧಿಸಿದ ಪಾಲನ್ನು ಖರ್ಚೆಂದು ತೋರಿಸಬಹುದು. ಅವರ ಲೆಕ್ಕ ಬೇರೆ, ಅವರಿಗೆ ಲೀಸು ಒಪ್ಪಬಹುದು. ಅವರ ಬಾಯಿಂದ ಹೊರಟ ಸಲಹೆಯನ್ನು ಸಂಬಳದ ಸಾಫ್ಟ್‌ವೇರ್ ಎಂಜಿನಿಯರ್ ಹಾಗೇ ಎತ್ತಿಕೊಂಡದ್ದು ತಪ್ಪು. ಅವನಿಗೆ ಆ ರಿಯಾಯಿತಿ ಸಿಗುವುದೇ ಇಲ್ಲ.

ಇನ್ನೊಂದು ಕಾರಣ ನನಗೆ ನಿಜವಾಗಿ ಸಿಟ್ಟು ತರಿಸುವಂಥದ್ದು. 1968ರ ಸಾಲ ಕಾಯಿದೆಯ ಪ್ರಕಾರ ಅಮೆರಿಕದಲ್ಲಿ ಕಾರಿಗೆ ಸಾಲ ಕೊಡುವವರು ವಾರ್ಷಿಕ ಬಡ್ಡಿದರವನ್ನು ಕಣ್ಣಿಗೆ ಕಾಣುವಂತೆ ಬರೆದು ಕೊಡಲೇಬೇಕು. 1976ರಲ್ಲಿ ಬಂದ ಗ್ರಾಹಕ ಲೀಸ್ ಕಾಯಿದೆಯಲ್ಲಿ ಅಂಥ ಕಟ್ಟುಪಾಡಿಲ್ಲ. ಒಟ್ಟು ಬಾಡಿಗೆ ಮೊತ್ತವನ್ನು ಪತ್ರದಲ್ಲಿ ತೋರಿಸುತ್ತಾರೆ, ದರವನ್ನು ತೋರಿಸಬೇಕಾಗಿಲ್ಲ. ಅದರ ಬದಲು ಮನಿ ಫ್ಯಾಕ್ಟರ್ ಎಂಬ ಒಂದು ದಶಮಾಂಶ ಸಂಖ್ಯೆ ಇರುತ್ತದೆ, 0.0025 ಎಂಬಂತೆ. ನೋಡಿದವರಿಗೆ ಅದು ಏನೂ ಅಲ್ಲದ ಚೂರಿನಂತೆ ಕಾಣುತ್ತದೆ. 2400ರಿಂದ ಗುಣಿಸಿದರೆ ಶೇ 6ರ ಬಡ್ಡಿ ಹೊರಬರುತ್ತದೆ. ಹಣಕಾಸು ಶಾಖೆ ಕೊಟ್ಟ ಮನಿ ಫ್ಯಾಕ್ಟರಿನ ಮೇಲೆ ಡೀಲರ್ ತನ್ನದೊಂದು ಪಾಲು ಏರಿಸಿಕೊಳ್ಳುವ ರೂಢಿಯೂ ಇದೆ. ಕೇಳಿದವರಿಗೆ ಮಾತ್ರ ಅದು ಇಳಿಯುತ್ತದೆ. ಮನೆಸಾಲದಲ್ಲಿ ಕಾಲು ಶೇಕಡಾ ಬಡ್ಡಿಗೆ ನಾಲ್ಕು ಬ್ಯಾಂಕು ಅಲೆಯುವ ನಮ್ಮವರು ಲೀಸಿನ ಮೇಜಿನ ಮುಂದೆ ಕೂತಾಗ ತಿಂಗಳ ಕಂತೊಂದನ್ನೇ ಕೇಳಿ ಸಹಿ ಹಾಕುತ್ತಾರೆ. ಕಂತು ಕಡಿಮೆಯಾಗಿ ಕಾಣಲೆಂದು ಮೊದಲೇ ನಾಲ್ಕೈದು ಸಾವಿರ ಡಾಲರ್ ಕಟ್ಟುವವರೂ ಇದ್ದಾರೆ. ಲೀಸಿನ ಕಾರು ಎರಡನೇ ತಿಂಗಳಲ್ಲೇ ಅಪಘಾತಕ್ಕೆ ಸಿಕ್ಕು ಸಂಪೂರ್ಣ ಹಾಳಾದರೆ ವಿಮೆಯ ಹಣ ಲೀಸ್ ಕೊಟ್ಟವರಿಗೆ ಹೋಗುತ್ತದೆ, ಮುಂಗಡ ಕೊಟ್ಟದ್ದು ಸಾಮಾನ್ಯವಾಗಿ ಕೈಗೆ ಮರಳುವುದಿಲ್ಲ. ಲೀಸ್ ತಗೊಳ್ಳಲೇಬೇಕೆನ್ನುವವರು ಮುಂಗಡವನ್ನಂತೂ ಕೊಡಬಾರದು.

ತೆರಿಗೆ ರಾಜ್ಯಕ್ಕೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ ತಿಂಗಳ ಕಂತಿನ ಮೇಲೆ ಮಾತ್ರ ಮಾರಾಟ ತೆರಿಗೆ ಬೀಳುತ್ತದೆ. ಟೆಕ್ಸಾಸ್‌ನಲ್ಲಿ ಲೀಸಿನ ಕಾರಿಗೂ ಪೂರ್ಣ ಬೆಲೆಯ ಮೇಲೆ ಶೇ 6.25. ಮೂರು ವರ್ಷ ಮಾತ್ರ ಓಡಿಸುವ ಕಾರಿಗೆ ಪೂರ್ತಿ ಕಾರಿನ ತೆರಿಗೆ! ಬೇ ಏರಿಯಾದ ಗೆಳೆಯ ಕೊಟ್ಟ ಲೆಕ್ಕವನ್ನು ಆಸ್ಟಿನ್‌ನವರು ಕಣ್ಣುಮುಚ್ಚಿ ಒಪ್ಪಿದರೆ ಕೈ ಸುಡುತ್ತದೆ.

ದುಡ್ಡಿನ ಮಾತನ್ನು ಇಲ್ಲಿಗೆ ಬಿಟ್ಟು ಕಾರಿನ ಬಳಿಗೇ ಬರುತ್ತೇನೆ. ನನ್ನ ವಾದದ ಬೇರು ಇರುವುದು ಅಲ್ಲಿ.

ಕೂಪೆಯನ್ನು ಯಾರೂ ಅಗತ್ಯಕ್ಕೆಂದು ಕೊಳ್ಳುವುದಿಲ್ಲ. ಮಕ್ಕಳ ಸೀಟು ಹಿಂದೆ ಕೂರಿಸಲು ಸೊಂಟ ಬಗ್ಗಿಸಬೇಕು, ಊರಿಂದ ಅಪ್ಪ ಅಮ್ಮ ಬಂದರೆ ಹಿಂದಿನ ಸೀಟಿಗೆ ಹತ್ತುವುದೇ ಕಷ್ಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಮನೆಯ ಹಿರಿಯರು ಗೊಣಗುವುದು ಇಂಥ ಕಾರಿನ ಬಗ್ಗೆಯೇ. ಅದನ್ನು ಕೊಳ್ಳುವುದು ಆಕಾರಕ್ಕೆ. ಉದ್ದನೆಯ ಮೂತಿ, ಹಿಂದಕ್ಕೆ ಸರಿದ ಕ್ಯಾಬಿನ್ನು, ಮುಂದಿನ ಗಾಜಿನಿಂದ ಡಿಕ್ಕಿಯವರೆಗೆ ಒಂದೇ ಎಳೆಯಲ್ಲಿ ಇಳಿಯುವ ಮಾಡು, ಚೌಕಟ್ಟಿಲ್ಲದ ಕಿಟಕಿ ಗಾಜು. 1968ರಿಂದ 1975ರವರೆಗೆ ಬಂದ ಬಿಎಂಡಬ್ಲ್ಯೂ ಇ9 ಕೂಪೆಯ ದೇಹವನ್ನು ಕಾರ್ಮನ್ ಕಂಪನಿ ಕಟ್ಟುತ್ತಿತ್ತು. ಎರಡೂ ಗಾಜು ಇಳಿಸಿದರೆ ನಡುವೆ ಕಂಬವಿಲ್ಲದೆ ಪಕ್ಕವೆಲ್ಲ ತೆರೆದುಕೊಳ್ಳುವ ಆ ಕಾರು ಇವತ್ತಿಗೂ ನೋಡುವವರನ್ನು ನಿಲ್ಲಿಸುತ್ತದೆ. ಮರ್ಸಿಡಿಸ್ ಇದೇ ಕಂಬವಿಲ್ಲದ ಪಕ್ಕವನ್ನು 2017ರಲ್ಲಿ ಬಂದ ಇ-ಕ್ಲಾಸ್ ಕೂಪೆಯವರೆಗೂ ಕಾಪಾಡಿಕೊಂಡು ಬಂತು. 2007ರಲ್ಲಿ ಜಿನೀವಾದಲ್ಲಿ ಆಡಿ ಎ5 ತೆರೆ ಕಂಡಾಗ, ತಾವು ರೂಪಿಸಿದ ಕಾರುಗಳಲ್ಲೆಲ್ಲ ಇದೇ ಚೆಲುವಾದದ್ದು ಎಂದು ಅದರ ವಿನ್ಯಾಸಕಾರ ವಾಲ್ಟರ್ ಡಿ ಸಿಲ್ವ ಹೇಳಿಕೊಂಡಿದ್ದರು. ಆ ಎ5ರ ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಚಕ್ರಗಳ ಮೇಲೆ ಏರಿ ಇಳಿಯುವ ಗೆರೆಯನ್ನು ಸಂಜೆ ಬಿಸಿಲಿನಲ್ಲಿ ನೋಡಿದವರಿಗೆ ಆ ಮಾತು ಉತ್ಪ್ರೇಕ್ಷೆ ಎನ್ನಿಸದು.

ಲೀಸಿನ ತರ್ಕ ಒಂದು ಊಹೆಯ ಮೇಲೆ ನಿಂತಿದೆ: ಮೂರು ವರ್ಷಕ್ಕೊಮ್ಮೆ ಹಿಂದಿನದಕ್ಕಿಂತ ಹೊಸದು, ಉತ್ತಮವಾದದ್ದು ಬರುತ್ತದೆ, ಅದು ನಮಗೆ ಬೇಕು. ಫೋನಿಗೆ ಇದು ಸರಿಹೋಗಬಹುದು. ಕೂಪೆಯ ಇತಿಹಾಸ ನೋಡಿ. ಮೊದಲ ಪೀಳಿಗೆಯ ಎ5 2007ರಿಂದ 2016ರವರೆಗೆ ನಡೆಯಿತು. ಬಿಎಂಡಬ್ಲ್ಯೂ 4 ಸೀರೀಸ್‌ನ ಮೊದಲ ಪೀಳಿಗೆ 2013ರಿಂದ 2020ರವರೆಗೆ. 2017ರ ಇ-ಕ್ಲಾಸ್ ಕೂಪೆ 2023ರವರೆಗೆ. ಒಂದೊಂದು ದೇಹದ ಆಯಸ್ಸು ಆರರಿಂದ ಒಂಬತ್ತು ವರ್ಷ. 2014ರಲ್ಲಿ 4 ಸೀರೀಸ್ ಲೀಸಿಗೆ ತಗೊಂಡವನು 2017ರಲ್ಲಿ ಹಿಂತಿರುಗಿಸಿ ಹೊಸದಕ್ಕೆ ಸಹಿ ಹಾಕಿದಾಗ ಅವನಿಗೆ ಸಿಕ್ಕಿದ್ದು ಅದೇ ಆಕಾರ, ದೀಪದಲ್ಲಿ ಕೊಂಚ ಬದಲಾವಣೆ. ಅಷ್ಟಕ್ಕಾಗಿ ಇನ್ನೊಂದು ಕಾರಿನ ಕಡಿದಾದ ಇಳಿಜಾರನ್ನು ಮೇಲಿನಿಂದ ಕೆಳಗೆ ಪೂರ್ತಿ ಕಟ್ಟಿದ.

ಮುಂದಿನ ಪೀಳಿಗೆ ಬಂದಾಗಲೂ ಅದು ಮನಸ್ಸಿಗೆ ಹಿಡಿಸುತ್ತದೆ ಎಂಬ ಖಾತ್ರಿಯಿಲ್ಲ. 2020ರ ಜೂನ್‌ನಲ್ಲಿ ಈಗಿನ 4 ಸೀರೀಸ್ ಹೊರಬಂದಾಗ ಬಂಪರಿನ ತಳದವರೆಗೆ ಇಳಿದ ಆ ಎರಡು ದೊಡ್ಡ ಗ್ರಿಲ್ಲುಗಳನ್ನು ಕಂಡು ಹಿಂದಿನ ಮಾದರಿಯನ್ನು ಪ್ರೀತಿಸಿದವರು ಎಷ್ಟು ನೊಂದರೆಂಬುದು ಎಲ್ಲರಿಗೂ ನೆನಪಿದೆ. ಹಿಂದಿನ ಕಾರನ್ನು ಕೊಂಡವರು ಅದನ್ನು ಇಟ್ಟುಕೊಂಡರು. ಲೀಸಿನವರ ಬಳಿ ಅದು ಇರಲಿಲ್ಲ, ಅಥವಾ ಕೊನೆಗೆ ಕೊಳ್ಳುವ ಗಡಿಬಿಡಿಗೆ ಬಿದ್ದರು. ಹಾಗೆ ಕೊಳ್ಳುವುದಾಗಿದ್ದರೆ ಮೂರು ವರ್ಷ ಲೀಸಿನ ಶುಲ್ಕಗಳನ್ನೇಕೆ ತೆರಬೇಕಿತ್ತು?

ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದು. ಇಂಥ ಕಾರುಗಳೇ ಕಡಿಮೆಯಾಗುತ್ತಿವೆ. ಆಡಿ ಟಿಟಿಯ ತಯಾರಿಕೆ 2023ರ ನವೆಂಬರ್‌ನಲ್ಲಿ ನಿಂತಿತು. ಹೊಸ ಪೀಳಿಗೆಯ ಎ5ರಲ್ಲಿ ಎರಡು ಬಾಗಿಲಿನ ಮಾದರಿಯೇ ಇಲ್ಲ. ಮರ್ಸಿಡಿಸ್ 2023ರಲ್ಲಿ ಸಿ-ಕ್ಲಾಸ್ ಕೂಪೆಯನ್ನೂ ಇ-ಕ್ಲಾಸ್ ಕೂಪೆಯನ್ನೂ ನಿಲ್ಲಿಸಿ ಎರಡರ ಜಾಗದಲ್ಲಿ ಸಿಎಲ್‌ಇ ಒಂದನ್ನೇ ತಂದಿತು. ಮಾರುಕಟ್ಟೆಯೆಲ್ಲ ಎಸ್‌ಯುವಿಯ ಕಡೆ ವಾಲಿರುವಾಗ ಕೂಪೆ ಎಂಬ ದೇಹಕ್ಕೆ ಹಣ ಹೂಡುವ ಮನಸ್ಸು ಕಂಪನಿಗಳಿಗೆ ಕ್ಷೀಣಿಸುತ್ತಿದೆ. ಇವತ್ತು ಲೀಸಿಗೆ ತಗೊಂಡವನು ಮೂರು ವರ್ಷದ ಮೇಲೆ ಬೀಗದ ಕೈ ಮೇಜಿನ ಮೇಲಿಟ್ಟಾಗ ಅದರ ಜಾಗಕ್ಕೆ ಬರುವ ಎರಡು ಬಾಗಿಲಿನ ಕಾರು ಇರುತ್ತದೆ ಎಂದು ನಂಬಲು ಹೆಚ್ಚು ಆಧಾರವಿಲ್ಲ. ಪ್ರೀತಿಸಿ ತಂದದ್ದು, ಮತ್ತೆ ಸಿಗುವ ಭರವಸೆಯಿಲ್ಲದ್ದು. ಅದನ್ನು ಗಡುವು ಹಾಕಿಕೊಂಡು ಮನೆಗೆ ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಲೀಸು ಕಾರನ್ನು ಓಡಿಸುವ ಬಗೆಯನ್ನೂ ಬದಲಿಸುತ್ತದೆ. ವರ್ಷಕ್ಕೆ 10,000 ಮೈಲಿ ಎಂದು ಒಪ್ಪಿಕೊಂಡಿದ್ದರೆ ಅದನ್ನು ಮೀರಿದ ಪ್ರತಿ ಮೈಲಿಗೆ ಇಪ್ಪತ್ತೈದು ಸೆಂಟಿನ ಆಸುಪಾಸು ದಂಡ. ಸ್ಯಾನ್ ಹೋಸೆಯಿಂದ ಲಾಸ್ ಏಂಜಲೀಸ್‌ಗೆ ಹೋಗಿಬರುವುದು 700 ಮೈಲಿಯ ಹತ್ತಿರ. ಕೂಪೆಯನ್ನು ಕಟ್ಟಿರುವುದೇ ಅಂಥ ದೂರಕ್ಕೆ, ಸಮುದ್ರದ ಅಂಚಿನ ಒಂದನೇ ನಂಬರಿನ ಹೆದ್ದಾರಿಯ ತಿರುವುಗಳಿಗೆ. ಆ ಕಾರನ್ನು ಮನೆಯ ಮುಂದೆ ನಿಲ್ಲಿಸಿ ಮನೆಯ ಎರಡನೇ ಕಾರಿನಲ್ಲಿ ಪ್ರವಾಸ ಹೋಗುವ ಕುಟುಂಬಗಳಿವೆ, ಮೈಲಿ ಉಳಿಸಲಿಕ್ಕೆ. ಪಾದಚಾರಿ ಕಟ್ಟೆಗೆ ಉಜ್ಜಿದ ರಿಮ್ಮು, ಎಳೆಯ ಆಳ ಅಂಗುಲದ ಎಂಟನೇ ಒಂದು ಭಾಗಕ್ಕಿಂತ ಕಡಿಮೆಯಾಗುವಷ್ಟು ಸವೆದ ಟೈರು, ಬಾಗಿಲಿನ ಗೀರು ಎಲ್ಲಕ್ಕೂ ವಾಪಸಾತಿಯ ದಿನ ಲೆಕ್ಕ. ಸ್ವಂತ ಕಾರಿನ ಗೀರು ಗೀರಷ್ಟೆ.

ರಿಪೇರಿಯ ಭಯಕ್ಕೆ ಬರೋಣ. ಇದನ್ನು ನಾನು ತಳ್ಳಿಹಾಕುವುದಿಲ್ಲ, ಅದಕ್ಕೆ ಚರಿತ್ರೆಯಿದೆ. 2007ರ 335ಐ ಕೂಪೆಯಲ್ಲಿದ್ದ ಎನ್54 ಎಂಜಿನ್ನಿನ ಅಧಿಕ ಒತ್ತಡದ ಇಂಧನ ಪಂಪು ಕೈಕೊಡುತ್ತಿತ್ತು. ಹೆದ್ದಾರಿಯಲ್ಲಿ ಶಕ್ತಿಯೇ ಇಲ್ಲದಂತಾಗುತ್ತಿದ್ದ ಈ ತೊಂದರೆಗಾಗಿ 2010ರ ಅಕ್ಟೋಬರ್‌ನಲ್ಲಿ ಬಿಎಂಡಬ್ಲ್ಯೂ ಅಮೆರಿಕದಲ್ಲಿ ಸುಮಾರು 1,30,000 ಕಾರುಗಳನ್ನು ವಾಪಸು ಕರೆಯಿತು. ನಮ್ಮ ಹಿರಿಯರ ಎಚ್ಚರಿಕೆ ಹುಟ್ಟಿದ್ದು ಇಂಥ ಅನುಭವಗಳಿಂದ, ಅದಕ್ಕೆ ಗೌರವವಿದೆ. ಆದರೆ ಆ ಎಂಜಿನ್ನಿನ ಕಾಲ ಮುಗಿದು ಬಹಳ ದಿನವಾಯಿತು. 2015ರಿಂದ ಬಂದ ಬಿ58 ಎಂಬ ಆರು ಸಿಲಿಂಡರಿನ ಎಂಜಿನ್ ಗಟ್ಟಿಮುಟ್ಟು ಎಂದು ಮೆಕ್ಯಾನಿಕ್‌ಗಳ ನಡುವೆ ಹೆಸರು ಮಾಡಿದೆ. ಟೊಯೋಟಾ ಕಂಪನಿ ತನ್ನ ಸುಪ್ರಾಗೆ ಇದೇ ಎಂಜಿನ್ ತಗೊಂಡಿತು. ರಿಪೇರಿಯಲ್ಲಿ ಟೊಯೋಟಾದ ಮೇಲೆ ಇಟ್ಟಿರುವ ನಂಬಿಕೆಯಲ್ಲಿ ಒಂದು ಪಾಲನ್ನು ಈ ಎಂಜಿನ್ನಿಗೂ ಕೊಡಬಹುದು.

ಹೊಸ ಬಿಎಂಡಬ್ಲ್ಯೂ, ಮರ್ಸಿಡಿಸ್‌ಗಳಿಗೆ ಅಮೆರಿಕದಲ್ಲಿ ನಾಲ್ಕು ವರ್ಷ ಅಥವಾ 50,000 ಮೈಲಿಯ ವಾರಂಟಿ ಇದೆ. ಮೂರು ವರ್ಷದ ಕಾರನ್ನು ಕಂಪನಿಯ ಸರ್ಟಿಫೈಡ್ ಯೋಜನೆಯಲ್ಲಿ ಕೊಂಡರೆ ಉಳಿದ ಒಂದು ವರ್ಷದ ಮೇಲೆ ಇನ್ನೊಂದು ವರ್ಷ, ಮೈಲಿಯ ಮಿತಿಯಿಲ್ಲದೆ, ಸಿಗುತ್ತದೆ. ಆಮೇಲೆ ಡೀಲರನ ಸರ್ವಿಸ್ ಬಿಟ್ಟು ಜರ್ಮನ್ ಕಾರುಗಳನ್ನೇ ನೋಡುವ ಸ್ವತಂತ್ರ ಮೆಕ್ಯಾನಿಕ್ಕನ್ನು ಹಿಡಿದುಕೊಳ್ಳಬೇಕು. ಎಣ್ಣೆಯನ್ನು ಕಂಪನಿ ಹೇಳುವ 10,000 ಮೈಲಿಯವರೆಗೆ ಕಾಯದೆ 5,000ಕ್ಕೇ ಬದಲಾಯಿಸಬೇಕು. ಹೀಗೆ ನೋಡಿಕೊಂಡರೆ ವರ್ಷಕ್ಕೆ 2,000 ಡಾಲರ್ ತೆಗೆದಿಡುವುದು ಭಯಪಟ್ಟಷ್ಟು ಕಡಿಮೆಯೇನಲ್ಲ. ಒಂದು ವರ್ಷ ಏನೂ ಆಗದೆ, ಮರುವರ್ಷ ಕೂಲಂಟಿನ ಪಂಪೂ ಆಯಿಲ್ ಸೋರಿಕೆಯೂ ಒಟ್ಟಿಗೆ ಬಂದು 4,000 ಖರ್ಚಾಗಬಹುದು. ಅದು ಕೂಡ ಲೀಸಿನ ನಾಲ್ಕು ತಿಂಗಳ ಕಂತಿಗಿಂತ ಕಡಿಮೆ.

ವೀಸಾದ ಮಾತು ಎಲ್ಲಕ್ಕಿಂತ ಆಳವಾಗಿ ನಾಟಿರುವುದು, ಎಲ್ಲಕ್ಕಿಂತ ತಪ್ಪಾಗಿರುವುದೂ ಅದೇ. ಎಚ್-1ಬಿ ಮೊದಲಿಗೆ ಮೂರು ವರ್ಷ, ಲೀಸೂ ಮೂರು ವರ್ಷ, ಎರಡೂ ಹೊಂದುತ್ತವೆ ಎನ್ನುತ್ತಾರೆ. ಬದುಕು ಹಾಗೆ ಹೊಂದಿಕೊಂಡು ನಡೆಯುವುದಿಲ್ಲ. ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಲು ಅಥವಾ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. 2022ರ ಕೊನೆಯಿಂದ ತಂತ್ರಜ್ಞಾನ ಕಂಪನಿಗಳು ಜನರನ್ನು ತೆಗೆಯತೊಡಗಿದಾಗ ಎಷ್ಟೋ ಭಾರತೀಯ ಕುಟುಂಬಗಳು ಆ 60 ದಿನವನ್ನು ಬೆರಳು ಮಡಚಿ ಎಣಿಸಿದವು. ಆ ಹೊತ್ತಿನಲ್ಲಿ ಕೈಯಲ್ಲಿ ಲೀಸಿದ್ದರೆ? ಹದಿನಾಲ್ಕನೇ ತಿಂಗಳಲ್ಲಿ ಲೀಸ್ ಮುರಿಯುವುದು ಅತ್ಯಂತ ದುಬಾರಿ. ಅಮೆರಿಕ ಸರಕಾರ ಹೊರಡಿಸಿದ ಮಾದರಿ ಲೀಸ್ ಪತ್ರದಲ್ಲೇ, ಅವಧಿಗೆ ಮುಂಚೆ ಮುಗಿಸಿದರೆ ಸಾವಿರಾರು ಡಾಲರ್ ಕೊಡಬೇಕಾಗಬಹುದು ಎಂಬ ಎಚ್ಚರಿಕೆ ಅಚ್ಚಾಗಿದೆ. ಲೀಸನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು, ಆದರೆ ಕಂಪನಿ ಒಪ್ಪಬೇಕು, ತಗೊಳ್ಳುವವರು ಸಿಗಬೇಕು, ಅವರ ಕ್ರೆಡಿಟ್ ಪಾಸಾಗಬೇಕು. ವಿಮಾನದ ಟಿಕೆಟ್ ಕಾಯುವುದಿಲ್ಲ.

ಮೂರು ವರ್ಷದ ಕೂಪೆಯನ್ನು ತಕ್ಕಷ್ಟು ಮುಂಗಡ ಕೊಟ್ಟು ಕೊಂಡವನ ಸ್ಥಿತಿ ನೋಡಿ. ಕಾರ್‌ಮ್ಯಾಕ್ಸ್‌ನಂಥ ಕಡೆ ಕಾರು ತೋರಿಸಿದರೆ ಏಳು ದಿನ ನಿಲ್ಲುವ ಬೆಲೆಯನ್ನು ಬರೆದು ಕೊಡುತ್ತಾರೆ. ಸಾಲ ಉಳಿದಿದ್ದರೆ ಅದನ್ನು ಅವರೇ ತೀರಿಸಿ ಮಿಕ್ಕಿದ್ದನ್ನು ಚೆಕ್ಕಿನಲ್ಲಿ ಕೊಡುತ್ತಾರೆ. ಖಾಸಗಿಯಾಗಿ ಮಾರಿದರೆ ಬರುವುದಕ್ಕಿಂತ ಎರಡು ಮೂರು ಸಾವಿರ ಕಡಿಮೆಯಾದರೂ ಒಂದು ಮಧ್ಯಾಹ್ನದಲ್ಲಿ ಕೈ ತೊಳೆದುಕೊಳ್ಳಬಹುದು. ಕಡಿದಾದ ಇಳಿಕೆಯನ್ನು ಮೊದಲ ಒಡೆಯ ಹೊತ್ತಿರುವುದರಿಂದ ಸಾಲ ಕಾರಿನ ಬೆಲೆಗಿಂತ ಮೇಲೆ ನಿಲ್ಲುವ ಸಂಭವವೂ ಕಡಿಮೆ. ಹೊಸ ಕಾರನ್ನು ಮುಂಗಡವಿಲ್ಲದೆ ಆರೇಳು ವರ್ಷದ ಸಾಲಕ್ಕೆ ಕೊಂಡವನಿಗೆ ಈ ಅನುಕೂಲ ಇಲ್ಲ, ಅವನು ಲೀಸಿನವನಷ್ಟೇ ಸಿಕ್ಕಿಬೀಳುತ್ತಾನೆ. ಅನಿಶ್ಚಿತ ಬದುಕಿಗೆ ಬೇಕಾದದ್ದು ಯಾವಾಗ ಬೇಕಾದರೂ ಬಿಡಿಸಿಕೊಳ್ಳಬಹುದಾದ ವ್ಯವಸ್ಥೆ. ಕಳಚಲಾಗದ ಕರಾರನ್ನು ನಾವು ಸ್ವಾತಂತ್ರ್ಯವೆಂದು ಕರೆಯುತ್ತಾ ಬಂದಿದ್ದೇವೆ.

ಲೀಸಿಗೆ ನಿಜವಾದ ಗುಣವೊಂದಿದೆ, ಅದನ್ನು ಅದರ ಪರ ಮಾತಾಡುವವರೇ ಅಪರೂಪಕ್ಕೆ ಹೇಳುತ್ತಾರೆ. ಕೊನೆಯಲ್ಲಿ ಆಯ್ಕೆ ನಿಮ್ಮದು. ಮಾರುಕಟ್ಟೆಯಲ್ಲಿ ಕಾರಿನ ಬೆಲೆ ರೆಸಿಡ್ಯುಯಲ್‌ಗಿಂತ ಕುಸಿದಿದ್ದರೆ ಬೀಗದ ಕೈ ಕೊಟ್ಟು ನಡೆಯಬಹುದು, ನಷ್ಟ ಕಂಪನಿಗೆ. 2008ರಲ್ಲಿ ಇದೇ ಆಯಿತು. ಫೋರ್ಡ್ ಆ ವರ್ಷದ ಎರಡನೇ ತ್ರೈಮಾಸಿಕದಲ್ಲಿ ಲೀಸಿನ ಕಾರುಗಳ ಮೇಲೆ 210 ಕೋಟಿ ಡಾಲರ್ ನಷ್ಟ ತೋರಿಸಿತು, ಕ್ರೈಸ್ಲರ್‌ನ ಹಣಕಾಸು ಶಾಖೆ ಆಗಸ್ಟಿನಲ್ಲಿ ಲೀಸ್ ಕೊಡುವುದನ್ನೇ ನಿಲ್ಲಿಸಿತು. ಇನ್ನೊಂದು ದಿಕ್ಕಿನಲ್ಲಿ, 2021ರಲ್ಲಿ ಚಿಪ್ ಕೊರತೆಯಿಂದ ಹಳೆಯ ಕಾರುಗಳ ಬೆಲೆ ಏರಿದಾಗ ಲೀಸಿನವರ ಕೈಯಲ್ಲಿದ್ದ ಕಾರು ರೆಸಿಡ್ಯುಯಲ್‌ಗಿಂತ ಸಾವಿರಾರು ಡಾಲರ್ ಹೆಚ್ಚು ಬಾಳುತ್ತಿತ್ತು. ಆಗ ಏನಾಯಿತು? ಲೀಸಿನ ಕಾರನ್ನು ನೇರವಾಗಿ ಮೂರನೆಯವರಿಗೆ ಮಾರುವ ದಾರಿಯನ್ನು ಹಲವು ಹಣಕಾಸು ಶಾಖೆಗಳು ಮುಚ್ಚಿದವು. ಲಾಭ ಬೇಕಿದ್ದರೆ ಮೊದಲು ತೆರಿಗೆ ಕಟ್ಟಿ ತನ್ನ ಹೆಸರಿಗೆ ಕೊಂಡುಕೊಂಡು ಆಮೇಲೆ ಮಾರಬೇಕಾಯಿತು. ಆಯ್ಕೆ ನಮ್ಮದೇ ಆದರೂ ಅದರ ಬಾಗಿಲು ಅವರ ಕೈಯಲ್ಲಿದೆ.

ವಿದ್ಯುತ್ ಕಾರಿನ ವಿಷಯದಲ್ಲಿ ನಾನು ಲೀಸಿನ ಕಡೆಗೇ ವಾಲುತ್ತೇನೆ. ಬಿಎಂಡಬ್ಲ್ಯೂ ಐ4ಗೆ ನಾಲ್ಕು ಬಾಗಿಲಿದ್ದರೂ ಕಂಪನಿ ಅದನ್ನು ಗ್ರಾನ್ ಕೂಪೆ ಎಂದೇ ಮಾರುತ್ತದೆ. ಜರ್ಮನಿಯಲ್ಲಿ ಜೋಡಿಸಿದ ಈ ಕಾರನ್ನು ಕೊಂಡವರಿಗೆ ವಿದ್ಯುತ್ ಕಾರುಗಳಿಗೆಂದು 2022ರ ಕಾಯಿದೆ ಕೊಟ್ಟ ತೆರಿಗೆ ವಿನಾಯಿತಿ ಇರಲಿಲ್ಲ. ಲೀಸಿಗೆ ತಗೊಂಡರೆ 7,500 ಡಾಲರ್ ಹಣಕಾಸು ಶಾಖೆಗೆ ಸಿಗುತ್ತಿತ್ತು, ಅದನ್ನು ಅವರು ಕಂತಿನಲ್ಲಿ ಇಳಿಸುತ್ತಿದ್ದರು. ಬ್ಯಾಟರಿಯ ತಂತ್ರ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುವಾಗ ಅಂಥ ಲೀಸ್ ಜಾಣತನವೇ ಆಗಿತ್ತು. ಆ ವಿನಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. 2025ರ ಜುಲೈನಲ್ಲಿ ಬಂದ ಹೊಸ ಕಾಯಿದೆ ಕಾರು ಸಾಲದ ಬಡ್ಡಿಗೆ ವರ್ಷಕ್ಕೆ 10,000 ಡಾಲರ್‌ವರೆಗೆ ರಿಯಾಯಿತಿಯನ್ನು ಮರಳಿ ತಂದಿದೆ, ಅಮೆರಿಕದಲ್ಲೇ ಕೊನೆಯ ಜೋಡಣೆಯಾದ ಹೊಸ ಕಾರಿಗೆ ಮಾತ್ರ. 4 ಸೀರೀಸ್ ಕೂಪೆ ಡಿಂಗಾಲ್ಫಿಂಗ್‌ನಲ್ಲಿ, ಸಿಎಲ್‌ಇ ಬ್ರೆಮೆನ್‌ನಲ್ಲಿ ತಯಾರಾಗುತ್ತವೆ. ಎರಡಕ್ಕೂ ಅದು ದಕ್ಕದು.

ಹಾಗಾಗಿ ಹೊಸ ಕೂಪೆಯನ್ನು ಶೋರೂಮಿನಿಂದ ಸಾಲ ಮಾಡಿ ತರುವುದನ್ನೂ ನಾನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ನಮ್ಮ ಹೆಸರಿನಲ್ಲೇ ಇರಬೇಕು, ಹೊಸದೇ ಆಗಿರಬೇಕು, ಇನ್ನೊಬ್ಬರು ಓಡಿಸಿದ್ದು ಬೇಡ ಎಂಬ ನಮ್ಮ ಮಧ್ಯಮ ವರ್ಗದ ಹಟ ಊರಿನಿಂದ ಹೊತ್ತು ತಂದದ್ದು. ಸೆಕೆಂಡ್ ಹ್ಯಾಂಡ್ ಎಂದರೆ ಯಾರದೋ ತೊಂದರೆಯನ್ನು ಮನೆಗೆ ತಂದಂತೆ ಎಂಬ ಅನುಮಾನ ಬಿಡಬೇಕು. ಲೀಸಿನಿಂದ ಮರಳಿದ ಕಾರು ಮೈಲಿಯ ಮಿತಿಯಲ್ಲಿ ಓಡಿರುತ್ತದೆ, ಬಿಎಂಡಬ್ಲ್ಯೂ ಆದರೆ ಮೂರು ವರ್ಷ ಅಥವಾ 36,000 ಮೈಲಿಯವರೆಗಿನ ನಿಗದಿತ ಸರ್ವಿಸ್ ಕಂಪನಿಯ ಖರ್ಚಿನಲ್ಲೇ ಆಗುವುದರಿಂದ ದಾಖಲೆಯೂ ಸಿಗುತ್ತದೆ.

ನೋಡಲು ಹೋದಾಗ ಮೊದಲು ಆ ದಾಖಲೆ ಕೇಳಿ. ನಾಲ್ಕೂ ಟೈರುಗಳ ಕಂಪನಿ, ತಯಾರಾದ ವಾರ ಓದಿ. ವಾಪಸಾತಿಗೆ ಮುಂಚೆ ಅಗ್ಗದ ಟೈರು ಹಾಕಿಸಿ ಕೊಡುವವರಿದ್ದಾರೆ, ಗಾಳಿ ಹೋದರೂ ಕೊಂಚ ದೂರ ಓಡುವ ರನ್-ಫ್ಲಾಟ್ ಟೈರು ಇದ್ದ ಕಡೆ ಮಾಮೂಲಿ ಟೈರಿದ್ದರೆ ಆ ಕಾರಿನಲ್ಲಿ ಬದಲಿ ಚಕ್ರವೂ ಇರುವುದಿಲ್ಲ ಎಂಬುದು ನೆನಪಿರಲಿ. ದೊಡ್ಡ ರಿಮ್ಮುಗಳ ಒಳಮೈಯಲ್ಲಿ ಬಿರುಕಿದೆಯೇ ಎಂದು ಕಾರೆತ್ತಿ ನೋಡಿಸಿ. ಬಾಗಿಲು ತುಂಬ ಉದ್ದವಾದ್ದರಿಂದ ಅದರ ಅಂಚಿನ ಬಣ್ಣ, ಕೀಲು, ಗಾಜು ಇಳಿದು ಏರುವ ರಬ್ಬರು ಪರೀಕ್ಷಿಸಿ. ಡೀಲರನ ಸರ್ಟಿಫಿಕೇಟ್ ಇದ್ದರೂ ಇನ್ನೂರು ಮುನ್ನೂರು ಡಾಲರ್ ಕೊಟ್ಟು ಹೊರಗಿನ ಮೆಕ್ಯಾನಿಕ್ಕಿಗೆ ತೋರಿಸಿ. ಅದಕ್ಕೆ ಒಪ್ಪದ ಡೀಲರನ ಬಳಿ ಕೊಳ್ಳಬೇಡಿ. 2022ರಲ್ಲಿ ಲೀಸುಗಳೇ ಕಡಿಮೆಯಾದ್ದರಿಂದ 2025ರಲ್ಲಿ ಮರಳಿದ ಕಾರುಗಳೂ ಕಡಿಮೆ, ಆ ವರ್ಷ ಬೆಲೆ ಬಿಗಿಯಾಗಿಯೇ ಇತ್ತು. ನಿಮಗೆ ಬೇಕಾದ ಬಣ್ಣ, ಆರು ಸಿಲಿಂಡರಿನ ಎಂಜಿನ್ನು, 30,000ದೊಳಗಿನ ಮೈಲಿ ಮೂರೂ ಒಟ್ಟಿಗೆ ಸಿಗಲು ನಾಲ್ಕಾರು ತಿಂಗಳು ಬೇಕಾಗಬಹುದು, ಪಕ್ಕದ ರಾಜ್ಯದವರೆಗೆ ಹುಡುಕಬೇಕಾಗಬಹುದು. ಅಷ್ಟು ದಿನ ಈಗಿರುವ ಕಾರನ್ನೇ ಓಡಿಸಿ.